ನಾಗಪುರದ ಒಲೆಗಳು, ಅವುಗಳನ್ನು ಉಳಿಸಿದ ಕೈಗಳು

ಒಲೆಗೆ ಎರಡು ಆಯಸ್ಸು. ಒಡಲಿನದು ಒಂದು, ಬಾಯಿಯದು ಇನ್ನೊಂದು. ತಗಡು, ಬೀಡು, ಹಿತ್ತಾಳೆ, ಯಾವುದರಿಂದ ಮಾಡಿದ್ದರೂ ಒಡಲು ಹತ್ತಾರು ವರ್ಷ ಬಾಳುತ್ತದೆ. ಬೆಂಕಿ ನೇರವಾಗಿ ತಾಗುವ ಬಾಯಿ ಮಾತ್ರ ಕೆಲವೇ ವರ್ಷಗಳಲ್ಲಿ ಸುಟ್ಟು, ಕಟ್ಟಿಕೊಂಡು, ಸವೆದು ಹೋಗುತ್ತದೆ. ಸಿಗಡಿಯಲ್ಲಿ ಈ ಬಾಯಿ ಎಂದರೆ ಕೆಂಡ ಹೊರುವ ಸರಳುಗಳು. ಸೀಮೆಎಣ್ಣೆಯ ಪಂಪ್ ಸ್ಟೌನಲ್ಲಿ ನಿಪ್ಪಲ್ಲು ಮತ್ತು ಬರ್ನರ್. ಗ್ಯಾಸ್ ಒಲೆಯಲ್ಲಿ ಜೆಟ್ಟು ಮತ್ತು ಅದರ ಮೇಲಿನ ಹಿತ್ತಾಳೆ ಟೊಪ್ಪಿ. ಈ ಎರಡು ಆಯಸ್ಸುಗಳ ನಡುವಿನ ಅಂತರದಲ್ಲಿ ಒಲೆ ರಿಪೇರಿಯ ಕಸುಬು ಬದುಕಿದೆ. ಸೌದೆ, ಕಲ್ಲಿದ್ದಲು, ಸೀಮೆಎಣ್ಣೆ, ಗ್ಯಾಸ್ ಹೀಗೆ ಒಂದರ ಹಿಂದೆ ಒಂದು ಉರುವಲು ಬದಲಾದ ನಾಗಪುರದಲ್ಲಿ ಈ ಕಸುಬಿನ ಕಥೆಯನ್ನು ಮೊದಲಿನಿಂದ ಹಿಡಿದು ನೋಡಬಹುದು.

ದೇವಗಡದ ಗೋಂಡ ದೊರೆ ಬಖ್ತ್ ಬುಲಂದ ಶಾ 18ನೇ ಶತಮಾನದ ಆರಂಭದಲ್ಲಿ ನಾಗ ನದಿಯ ದಂಡೆಯ ಹಳ್ಳಿಗಳನ್ನು ಕೂಡಿಸಿ ಈ ಊರನ್ನು ಕಟ್ಟಿದ. ಮುಂದೆ ಅದು ಭೋಸಲೆಯರ ರಾಜಧಾನಿಯಾಯಿತು, 1861ರಲ್ಲಿ ಬ್ರಿಟಿಷರ ಮಧ್ಯಪ್ರಾಂತದ ರಾಜಧಾನಿಯಾಯಿತು. ಹಳೆಯ ಊರಿನ ಪೇಟೆಗಳಿಗೆ ಇಂದಿಗೂ ಸಂತೆಯ ದಿನಗಳ ಹೆಸರೇ ಇದೆ: ಇತವಾರಿ, ಬುಧವಾರಿ, ಶುಕ್ರವಾರಿ, ಮಂಗಳವಾರಿ. ಇತವಾರಿಯ ಒಳಗೆ ಒಂದೊಂದು ಸರಕಿಗೆ ಒಂದೊಂದು 'ಓಳಿ'. ಚಿನ್ನಬೆಳ್ಳಿಗೆ ಸರಾಫಾ ಓಳಿ, ಕಬ್ಬಿಣಕ್ಕೆ ಲೋಹಾ ಓಳಿ. ಸಾಲು ಎಂಬ ಅರ್ಥದ ಈ ಮಾತು ಕನ್ನಡಿಗರ ಕಿವಿಗೆ ಪರಕೀಯವಲ್ಲ. ನಮ್ಮ ನಿಘಂಟುಗಳಲ್ಲೂ ಓಳಿ ಎಂದರೆ ಸಾಲೇ. ನಗರದಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ದೂರದ ಭಂಡಾರಾ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಅಂದರೆ ಲೋಹ ಕಾಯಿಸುವ, ಬಡಿಯುವ, ಬೆಸೆಯುವ ಕೈಗಳು ಈ ಸೀಮೆಯಲ್ಲಿ ಸ್ಟೌ ಬರುವುದಕ್ಕೆ ಬಹಳ ಮೊದಲೇ ಇದ್ದವು.

ಆ ಕೈಗಳ ಹಳೆಯ ಕೆಲಸಗಳಲ್ಲಿ ಒಂದು ಕಲಾಯಿ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಬಿಡುತ್ತದೆ. ಅದನ್ನು ತಡೆಯಲು ಒಳಮೈಗೆ ತವರ ಬಳಿಯಬೇಕು. ಕಲಾಯಿಗಾರ ನೆಲದಲ್ಲಿ ಗುಂಡಿ ತೋಡಿ, ತಿದಿಯೊತ್ತಿ ಇದ್ದಿಲು ಕೆಂಡ ಮಾಡಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒಂದೇ ಉಸಿರಿನಲ್ಲಿ ಸವರುತ್ತಾನೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಬೀದಿಬದಿಯ ಕೆಂಡವೂ ಇದಕ್ಕೆ ಸಾಕು. ಪಾತ್ರೆ ತಲೆಮಾರುಗಟ್ಟಲೆ ಉಳಿಯುತ್ತದೆ, ತವರದ ಪದರ ಮಾತ್ರ ಕೆಲ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹಳೆಯ ವಸ್ತುವನ್ನು ಕಡಿಮೆ ಖರ್ಚಿನಲ್ಲಿ ಹೊಸದಾಗಿ ಮಾಡುವ ವಿದ್ಯೆಯ ಮೊದಲ ಪಾಠ ಇಲ್ಲಿದೆ. ಮುಂದೆ ಸ್ಟೌ ರಿಪೇರಿಗೆ ಬೇಕಾದ ಬೆಸುಗೆ ಹಾಕುವ ಹದ, ತಿದಿಯ ಗಾಳಿಯ ಅಂದಾಜು, ಲೋಹ ಎಷ್ಟು ಕಾದರೆ ಯಾವ ಬಣ್ಣ ತಿರುಗುತ್ತದೆ ಎಂಬ ತಿಳಿವು, ಎಲ್ಲವೂ ಕಲಾಯಿಗಾರನ ಗುಂಡಿಯ ಮುಂದೆ ಕಲಿಯುವಂಥವು.

ವಿದರ್ಭದ ಹಳ್ಳಿಮನೆಯಲ್ಲಿ ಅಡುಗೆ ನಡೆದದ್ದು ಮಣ್ಣಿನ 'ಚೂಲ್' ಮೇಲೆ, ಹಬ್ಬದೂಟ ನಡೆದದ್ದು ಹೊಲದಲ್ಲಿ. ಸಗಣಿ ಬೆರಣಿಯ ಕೆಂಡದಲ್ಲಿ ಹಿಟ್ಟಿನ ಉಂಡೆ ಹೂತು ಸುಡುವ 'ರೋಡಗೆ', ಅದರ ಜೊತೆಗೆ ಬದನೆಕಾಯಿ ಪಲ್ಯ. ಚಳಿಗಾಲದಲ್ಲಿ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತಿನ್ನುವ 'ಹುರಡಾ'. ವಿಜಯಪುರ, ಕಲಬುರಗಿ, ಬೀದರಿನವರಿಗೆ ಇದು ಸೀತನಿಯೇ. ನಾಗಪುರ ನಗರದಲ್ಲಿ ಇನ್ನೊಂದು ಬಗೆಯ ಸುಡುವಿಕೆ ಉಳಿದುಕೊಂಡಿದೆ. ಸೌದೆ ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಸಡಿಲವಾಗಿ ನಾದಿದ ಗೋಧಿ ಹಿಟ್ಟನ್ನು ಎರಡೂ ಕೈಗಳ ಮೇಲೆ ಮೊಳದುದ್ದ ಇಳಿಬಿಟ್ಟು, ಆ ಮಡಕೆಯ ಬೆನ್ನಿನ ಮೇಲೆ ಹರಡಿ ಬೇಯಿಸುವ 'ಲಂಬಿ ರೋಟಿ' ಅಥವಾ ಮಟ್ಕಾ ರೊಟ್ಟಿ. ಬೆಳಗಾವಿಯಲ್ಲಿ ಮಂಡಿಗೆ ಮಾಡುವುದನ್ನು ಕಂಡವರು ಈ ಕೈಚಳಕವನ್ನು ಕೂಡಲೇ ಗುರುತಿಸುತ್ತಾರೆ. ಮಡಕೆ ಸೀಳುತ್ತದೆ, ಇನ್ನೊಂದು ಬರುತ್ತದೆ. ಕೆಳಗಿನ ಒಲೆ ಅಲ್ಲೇ ಇರುತ್ತದೆ.

ಸೌದೆಯ ಕಾಲವನ್ನು ನಗರದಲ್ಲಿ ಬದಲಿಸಿದ್ದು ರೈಲು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1867ರಲ್ಲಿ ನಾಗಪುರ ತಲುಪಿತು. ಹತ್ತು ವರ್ಷದಲ್ಲೇ, 1877ರ ಜನವರಿ 1ರಂದು, ಜಮ್ಶೇಟ್ಜಿ ಟಾಟಾ ಅವರ ಎಂಪ್ರೆಸ್ ಮಿಲ್ಲು ಶುರುವಾಯಿತು. ಎಂಜಿನ್ನಿಗೂ ಗಿರಣಿಗೂ ಕಲ್ಲಿದ್ದಲು ಬೇಕಿತ್ತು. ದಕ್ಷಿಣಕ್ಕೆ ವರ್ಧಾ ಕಣಿವೆಯ ವರೋರಾದಲ್ಲಿ 1870ರ ದಶಕದಲ್ಲೇ ಗಣಿ ತೆರೆಯಿತು. ಉತ್ತರಕ್ಕೆ ಛಿಂದವಾಡಾದ ಪೆಂಚ್, ಕನ್ಹಾನ್ ಗಣಿಗಳು ಬಂದವು. ಮುಂದೆ ನಗರಕ್ಕೆ ಹತ್ತಿರದ ಕಾಮಠಿ, ಉಮರೇಡ್ ಕಡೆಯ ಕಲ್ಲಿದ್ದಲೂ ಮೇಲೆ ಬಂತು. 1970ರ ದಶಕದ ರಾಷ್ಟ್ರೀಕರಣದ ನಂತರ ಈ ಗಣಿಗಳನ್ನೆಲ್ಲ ನೋಡಿಕೊಳ್ಳಲು 1975ರಲ್ಲಿ ರಚನೆಯಾದ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಕಂಪನಿಯ ಕೇಂದ್ರ ಕಚೇರಿ ನಾಗಪುರದಲ್ಲೇ ಇದೆ. ಮರಾಠಿಯಲ್ಲಿ 'ದಗಡಿ ಕೋಳಸಾ' ಎಂದರೆ ಕಲ್ಲಿನ ಇದ್ದಿಲು. ಕನ್ನಡದ ಕಲ್ಲಿದ್ದಲು ಕೂಡ ಅದೇ ಯೋಚನೆಯಿಂದ ಹುಟ್ಟಿದ ಪದ.

ಕಲ್ಲಿದ್ದಲು ಮಣ್ಣಿನ ಒಲೆಯಲ್ಲಿ ಚೆನ್ನಾಗಿ ಉರಿಯುವುದಿಲ್ಲ. ಅದಕ್ಕೆ ಕೆಳಗಿನಿಂದ ಗಾಳಿ ಬೇಕು, ಬೂದಿ ಉದುರಲು ಜಾಗ ಬೇಕು. ಹಾಗಾಗಿ ಬಂದದ್ದು ಸಿಗಡಿ. ಬೆಳಗಾವಿ, ಧಾರವಾಡದ ಕಡೆ ಶೆಗಡಿ. ಅದರ ಒಡಲು ಹೆಚ್ಚಾಗಿ ಬೇರೆ ಯಾವುದೋ ಕೆಲಸ ಮಾಡಿ ದಣಿದ ವಸ್ತು: ತಳ ಹೋದ ಬಕೆಟ್ಟು, ಎಣ್ಣೆಯ ಡಬ್ಬ, ನಾಲ್ಕು ಗ್ಯಾಲನ್ನಿನ ಸೀಮೆಎಣ್ಣೆ ತಗಡು. ತಗಡು ಕೆಲಸದವನು ಬುಡದ ಪಕ್ಕದಲ್ಲಿ ಬೂದಿಯ ಕಿಂಡಿ ಕತ್ತರಿಸುತ್ತಾನೆ, ನಡುವಿನ ಎತ್ತರದಲ್ಲಿ ನಾಲ್ಕೈದು ಕಬ್ಬಿಣದ ಸರಳು ತೂರಿಸುತ್ತಾನೆ. ಆಮೇಲಿನ ಕೆಲಸ ಮನೆಯ ಹೆಂಗಸರದು. ಜೇಡಿಮಣ್ಣಿಗೆ ಹೊಟ್ಟು, ಸಗಣಿ ಕಲಸಿ ಒಳಗೆ ದಪ್ಪನಾಗಿ ಮೆತ್ತಿ, ಬಾಯಿಯ ಅಂಚಿಗೆ ಪಾತ್ರೆ ಕೂರಲು ಮೂರು ಗುಬಟು ಇಟ್ಟು, ನೆರಳಲ್ಲಿ ಒಣಗಿಸುವುದು. ಮಣ್ಣಿನ ಈ ಪದರ ಎರಡು ಕೆಲಸ ಮಾಡುತ್ತದೆ: ಶಾಖವನ್ನು ಒಳಗೇ ಹಿಡಿಯುತ್ತದೆ, ತಗಡನ್ನು ಸುಡದಂತೆ ಕಾಯುತ್ತದೆ. ಹೊತ್ತಿಸುವಾಗ ಎದ್ದ ದಟ್ಟ ಹೊಗೆ ಅಡಗುವವರೆಗೆ ಸಿಗಡಿಯನ್ನು ಅಂಗಳದಲ್ಲಿ ಅಥವಾ ಬೀದಿಯಲ್ಲಿ ಇಟ್ಟು, ಕೆಂಡ ಕೆಂಪಾದ ಮೇಲೆ ಒಳಗೆ ತರುವುದು ವಾಡಿಕೆ. ಹೊಗೆ ನಿಂತ ಮೇಲೂ ಕೆಂಡದಿಂದ ಕಣ್ಣಿಗೆ ಕಾಣದ ವಿಷಾನಿಲ, ಕಾರ್ಬನ್ ಮೊನಾಕ್ಸೈಡ್, ಬರುತ್ತಲೇ ಇರುತ್ತದೆ. ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯಲ್ಲಿ ಸಿಗಡಿ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೇ ಹೋದ ಸಂಗತಿಗಳು ಉತ್ತರ, ಮಧ್ಯ ಭಾರತದಲ್ಲಿ ಇಂದಿಗೂ ನಡೆಯುತ್ತಿವೆ.

ಸಿಗಡಿಯ ರಿಪೇರಿಗೆ ಖರ್ಚೇ ಇಲ್ಲ ಎನ್ನಬೇಕು. ಸರಳು ಸುಟ್ಟು ಬಾಗಿದರೆ ಹೊಸದು, ಮಣ್ಣು ಬಿರಿದರೆ ಕೆರೆದು ಮತ್ತೆ ಮೆತ್ತು, ಹಿಡಿ ಕಿತ್ತರೆ ತಂತಿ ಸುತ್ತು. ಹಳೆಯ ಸುಡುವ ಸಾಧನವನ್ನು ಅಗ್ಗದಲ್ಲಿ ಉಳಿಸುವ ಕ್ರಮ ಇಂದು ಯಾವ ರೂಪದಲ್ಲಿದ್ದರೂ ಅದರ ತಿರುಳು ಇದೇ: ಒಡಲನ್ನು ಬಿಡಬೇಡ, ಬಾಯಿಯನ್ನು ಬದಲಿಸು. ಮೆಕ್ಕೆಜೋಳದ ತೆನೆ ಸುಡುವವರೂ ನಗರದ ಮೋಮಿನ್‌ಪುರದ ಕಬಾಬಿನ ಅಂಗಡಿಗಳೂ ಬಳಸುವ ಉದ್ದನೆಯ ಕೆಂಡದ ತೊಟ್ಟಿ ಇದೇ ಸಿಗಡಿಯ ಅಗಲ ರೂಪ.

ಗಿರಣಿಯ ನಗರದಲ್ಲಿ ಒಲೆಗೆ ಇನ್ನೊಂದು ಸಂಬಂಧವೂ ಬೆಳೆಯಿತು. ನಾಗಪುರದ ಖಾರದ 'ಸಾವಜಿ' ಅಡುಗೆ ಹಲಬಾ ಕೋಷ್ಟಿ ಎಂಬ ನೇಕಾರ ಸಮುದಾಯದ್ದು. ಮಗ್ಗದ ಕೇರಿಗಳ ಮನೆಗಳಲ್ಲೇ ಚಿಕ್ಕ ಊಟದ ಮನೆಗಳು ಶುರುವಾದವು. ಹುಬ್ಬಳ್ಳಿ, ಗದಗ, ಬೆಟಗೇರಿಗಳ ಸಾವಜಿ ಖಾನಾವಳಿಗಳೂ ನೇಯ್ಗೆಯ ಹಿನ್ನೆಲೆಯ ಇನ್ನೊಂದು ಸಮುದಾಯದವು, ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರವು. ಎರಡೂ ಸಮುದಾಯಗಳು ಬೇರೆ, ಅಡುಗೆಯ ಮಸಾಲೆಯೂ ಬೇರೆ. ಆದರೂ ಮಗ್ಗದ ಮನೆಯ ಒಲೆ ಊರಿಗೆ ಊಟ ಬಡಿಸುವ ಒಲೆಯಾದದ್ದು ಎರಡೂ ಕಡೆ ಕಾಣುತ್ತದೆ. ಬಂಡವಾಳವಿಲ್ಲದೆ ಶುರುವಾಗುವ ಇಂಥ ಉದ್ಯೋಗಕ್ಕೆ ಹೊಸ ಒಲೆ ಕೊಳ್ಳುವ ಮಾತೇ ಇಲ್ಲ. ಇದ್ದದ್ದನ್ನೇ ದುರಸ್ತಿ ಮಾಡಿಕೊಂಡು ನಡೆಸಬೇಕು.

ಹೊಗೆಯನ್ನು ಒಲೆಯ ರಚನೆಯಿಂದಲೇ ಗೆಲ್ಲಬೇಕೆಂಬ ಪ್ರಯತ್ನ ನಾಗಪುರದ ನೆರೆಯ ವರ್ಧಾದಲ್ಲಿ ನಡೆಯಿತು. ಗಾಂಧೀಜಿಯ ಪ್ರೇರಣೆಯಿಂದ 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘಕ್ಕೆ ಜೆ.ಸಿ. ಕುಮಾರಪ್ಪ ಅವರ ಮುಂದಾಳತ್ವವಿತ್ತು, ಮಗನವಾಡಿ ನೆಲೆಯಾಗಿತ್ತು. ಎಣ್ಣೆಗಾಣ, ಕೈಕಾಗದ, ಬೆಲ್ಲಗಳ ಜೊತೆಗೆ ಅಡುಗೆಮನೆಯೂ ಅಲ್ಲಿ ಪ್ರಯೋಗಶಾಲೆಯಾಯಿತು. ಅಲ್ಲಿಂದ ಬಂದ 'ಮಗನ ಚೂಲ್ಹಾ' ಮಣ್ಣಿನದೇ. ಆದರೆ ಒಂದೇ ಬೆಂಕಿಯ ಶಾಖ ಒಂದು ಪಾತ್ರೆಯಿಂದ ಮುಂದಿನ ಪಾತ್ರೆಗೆ ಹಾದು, ಹೊಗೆ ಕೊಳವೆಯಿಂದ ಹೊರಗೆ ಹೋಗುವ ಏರ್ಪಾಡು ಅದರಲ್ಲಿತ್ತು. 1940ರ ದಶಕದ ಕೊನೆಗೆ ಪ್ರಚಾರಕ್ಕೆ ಬಂದ ಇದು ದೇಶದ ಸುಧಾರಿತ ಒಲೆಗಳ ಸಾಲಿನಲ್ಲಿ ಮೊದಲಿನವುಗಳಲ್ಲಿ ಒಂದು. ಕರ್ನಾಟಕದಲ್ಲಿ ಇದೇ ದಾರಿಯ ದೊಡ್ಡ ಹೆಜ್ಜೆ ಎಂದರೆ ಅಸ್ತ್ರ ಒಲೆ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಹೊರಬಂದು, ಹಳ್ಳಿಹಳ್ಳಿಗೆ ತಲುಪಿದ ಒಲೆ ಅದು. ಇಂಥ ಒಲೆಗಳು ಸೋತಲ್ಲೆಲ್ಲ ಸೋತದ್ದು ಬಹುಪಾಲು ರಿಪೇರಿಯ ಕಾರಣಕ್ಕೇ. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿಲ್ಲದೆ, ಬಾಯಿ ಒಡೆದಾಗ ಅಳತೆಗೆ ಸರಿಯಾಗಿ ಮತ್ತೆ ಕಟ್ಟುವವರಿಲ್ಲದೆ, ಸುಧಾರಿತ ಒಲೆ ಮತ್ತೆ ಹಳೆಯ ಒಲೆಯಾಗಿಬಿಡುತ್ತಿತ್ತು.

ಸೀಮೆಎಣ್ಣೆ ಮೊದಲು ದೀಪಕ್ಕೆ ಬಂದದ್ದು, ಆಮೇಲೆ ಒಲೆಗೆ. 1892ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಸ್ಟೌ ಬತ್ತಿಯೇ ಇಲ್ಲದ ಒಲೆ. ಹಿತ್ತಾಳೆಯ ಗಡಿಗೆಯಲ್ಲಿ ಎಣ್ಣೆ, ಪಕ್ಕದಲ್ಲಿ ಗಾಳಿ ಒತ್ತುವ ಪಂಪು. ಮೇಲಿನ ಬಟ್ಟಲಿನಲ್ಲಿ ಸ್ಪಿರಿಟ್ಟು ಉರಿಸಿ ಬರ್ನರನ್ನು ಮೊದಲು ಕಾಯಿಸಬೇಕು. ಆಮೇಲೆ ಪಂಪು ಒತ್ತಿದರೆ ಎಣ್ಣೆ ಕಾದ ಕೊಳವೆಯಲ್ಲಿ ಏರಿ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಚಿಮ್ಮಿ, ಗಾಳಿಯೊಂದಿಗೆ ಬೆರೆತು ನೀಲಿಯಾಗಿ ಉರಿಯುತ್ತದೆ. ಮಸಿಯಿಲ್ಲ, ಬೇಗ ಹೊತ್ತುತ್ತದೆ, ಕೂಡಲೇ ಆರಿಸಬಹುದು. ಅದರ ಮಾದರಿಯ ದೇಶೀ ಸ್ಟೌಗಳು ಬಂದ ಮೇಲೆ ನಗರದ ಒಂದೇ ಕೋಣೆಯ ಸಂಸಾರಗಳಿಗೆ, ಚಹಾದ ಗಾಡಿಗಳಿಗೆ, ಓದಲು ಬಂದು ಕೈಯಡುಗೆ ಮಾಡುವ ಹುಡುಗರಿಗೆ ಇದೇ ಆಧಾರವಾಯಿತು. ನಾಗಪುರದ ಬೆಳಗಿನ ತಿಂಡಿ, ಕಡಲೆಯ ಖಾರದ ರಸ ಹುಯ್ದ ತರ್ರಿ ಪೋಹೆ, ಬೀದಿಯಲ್ಲಿ ಬಿಸಿಯಾಗಿ ಸಿಗಬೇಕಾದರೆ ಗಾಡಿಯ ಮೇಲೆ ಹೊತ್ತೊಯ್ಯಬಹುದಾದ ಒಲೆಯೇ ಬೇಕು.

ರಿಪೇರಿ ಅಂಗಡಿ ಎಂಬುದು ಬೀದಿಯಲ್ಲಿ ತಲೆಯೆತ್ತಿದ್ದು ಈ ಸ್ಟೌನೊಂದಿಗೆ. ಸಿಗಡಿಯನ್ನು ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಿತ್ತು, ಪಂಪ್ ಸ್ಟೌಗೆ ಕೈಪಳಗಿದವನು ಬೇಕು. ಗೋಣಿಚೀಲ ಹಾಸಿ ಕೂತವನ ಬಂಡವಾಳ ಒಂದು ಪೆಟ್ಟಿಗೆ: ಪಿನ್ನು, ನಿಪ್ಪಲ್ಲಿನ ಚಾವಿ, ಚರ್ಮದ ವಾಷರು, ಸೀಸದ ವಾಷರು, ಬೆಸುಗೆಯ ಕಬ್ಬಿಣ, ಎರಡು ಅರ. ನಿಪ್ಪಲ್ಲು ಕಟ್ಟಿಕೊಂಡರೆ ಪಿನ್ನು ಹಾಕಬೇಕು. ಪಂಪು ಗಾಳಿ ಹಿಡಿಯದಿದ್ದರೆ ಒಣಗಿ ಮುದುಡಿದ ಚರ್ಮದ ವಾಷರಿಗೆ ಎಣ್ಣೆ ಉಣಿಸಿ ಬಟ್ಟಲಿನಂತೆ ಅರಳಿಸಬೇಕು. ಬರ್ನರಿನೊಳಗೆ ಮಸಿ ಹೆಪ್ಪುಗಟ್ಟಿದ್ದರೆ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು. ಒಳಗಿನ ಕಿಟ್ಟ ಸಿಡಿದು ಉದುರುತ್ತದೆ. ಪಿನ್ನು ಹಾಕಿ ಹಾಕಿ ತೂತು ದೊಡ್ಡದಾದ ನಿಪ್ಪಲ್ಲಿಗೆ ಮಾತ್ರ ಮದ್ದಿಲ್ಲ, ಬಿಸಾಡಿ ಹೊಸದು ಹಾಕಬೇಕು. ಒಳ್ಳೆಯ ರಿಪೇರಿಯವನ ಗುರುತು ಉರಿಯ ಸದ್ದು: ಒಂದೇ ಸಮನೆ ಭೋರೆಂದರೆ ಸರಿ, ಬಿಕ್ಕಿದರೆ ಎಲ್ಲೋ ತಡೆ ಇದೆ.

ಇದೇ ಸ್ಟೌ ದೊಡ್ಡ ಅಪಾಯವನ್ನೂ ಮನೆಯೊಳಗೆ ತಂದಿತು. ಒತ್ತಡ ತುಂಬಿದ ಗಡಿಗೆಗೆ ತೇಪೆಯ ಬೆಸುಗೆ ಹಾಕಿ ಬಳಸುವುದು, ಸಾಕಷ್ಟು ಕಾಯುವ ಮೊದಲೇ ಪಂಪು ಒತ್ತುವುದು, ಉರಿಯುತ್ತಿರುವಾಗಲೇ ಎಣ್ಣೆ ಹುಯ್ಯುವುದು ಅನೇಕ ಜೀವಗಳನ್ನು ತೆಗೆದವು. 1970, 80ರ ದಶಕಗಳ ಪತ್ರಿಕೆಗಳಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಮಾಮೂಲಾಗಿತ್ತು. ಅವುಗಳಲ್ಲಿ ಎಷ್ಟೋ ಸಾವುಗಳು ಸ್ಟೌ ಸಿಡಿದು ಆದವಲ್ಲ, ವರದಕ್ಷಿಣೆಯ ಕೊಲೆಗಳೆಂದು ಹೆಣ್ಣುಮಕ್ಕಳ ಸಂಘಟನೆಗಳು ಕೂಗಿ ಹೇಳಬೇಕಾಯಿತು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ, 1986ರಲ್ಲಿ 304ಬಿ ಕಲಮುಗಳು ಸೇರಿದ್ದರ ಹಿಂದೆ ಆ ಹೋರಾಟವಿದೆ. ಒಲೆಯ ಚರಿತ್ರೆ ಬರೆಯುವವರು ಈ ಪುಟವನ್ನು ಬಿಟ್ಟು ಬರೆಯಬಾರದು.

ಗ್ಯಾಸ್ ಒಲೆಯ ತತ್ವ ಪ್ರೈಮಸ್‌ಗಿಂತ ಹಳೆಯದು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1855ರ ಸುಮಾರಿಗೆ ರಾಬರ್ಟ್ ಬುನ್ಸೆನ್ ಮತ್ತು ಉಪಕರಣ ತಯಾರಕ ಪೀಟರ್ ಡೆಸಾಗಾ ಮಾಡಿದ ಬರ್ನರಿನಲ್ಲಿ ಅನಿಲ ಸಣ್ಣ ತೂತಿನಿಂದ ವೇಗವಾಗಿ ಹೊರಬಂದು, ಪಕ್ಕದ ಕಿಂಡಿಯಿಂದ ಗಾಳಿಯನ್ನು ತಾನೇ ಎಳೆದುಕೊಂಡು, ಕೊಳವೆಯಲ್ಲಿ ಬೆರೆತು ಮೇಲೆ ಉರಿಯುತ್ತದೆ. ಇಂದಿನ ಅಡುಗೆಮನೆಯ ಒಲೆಯೂ ಹೋಟೆಲಿನ ಭಟ್ಟಿಯೂ ಗ್ಯಾಸ್ ಗ್ರಿಲ್ಲೂ ಅದೇ ತತ್ವದ ಮಕ್ಕಳು. ಭಾರತದಲ್ಲಿ ಸಿಲಿಂಡರಿನ ಅಡುಗೆ ಅನಿಲವನ್ನು 1950ರ ದಶಕದ ನಡುವೆ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ 'ಬರ್ಶೇನ್' ಹೆಸರಿನಲ್ಲಿ ಮಾರಲು ಶುರುಮಾಡಿತು. ಇಂಡಿಯನ್ ಆಯಿಲ್‌ನ ಇಂಡೇನ್ 1965ರ ಅಕ್ಟೋಬರ್ 22ರಂದು ಕೋಲ್ಕತ್ತದಲ್ಲಿ ಮೊದಲ ಮನೆ ಸೇರಿತು. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಕೈಗೆ ಬಂದು ಎಚ್‌ಪಿ, ಭಾರತ್ ಗ್ಯಾಸ್‌ಗಳಾದವು. ಅನಿಲದ ಪೂರೈಕೆ ಬೇಡಿಕೆಗೆ ಬಹಳ ಹಿಂದಿತ್ತು. 1980ರ ದಶಕದಲ್ಲಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುವುದು ಎಲ್ಲ ಊರುಗಳ ಅನುಭವ. ಅಷ್ಟು ಕಾದು ಪಡೆದ ಒಲೆಯನ್ನು ಕೆಟ್ಟಿತೆಂದು ಎಸೆಯುವವರು ಯಾರು? ಆ ಕಾಲದ ಒಲೆಗಳ ಬೀಡು ಬರ್ನರು, ಹಿತ್ತಾಳೆ ಟೊಪ್ಪಿ, ದಪ್ಪ ತಗಡಿನ ಮೈ ಎಲ್ಲವೂ ಬಿಚ್ಚಿ ಜೋಡಿಸಬಹುದಾದಂಥವು. ಸೀಮೆಎಣ್ಣೆ ಸ್ಟೌನ ಪಿನ್ನು ಹಿಡಿದ ಕೈಗಳೇ ಗ್ಯಾಸಿನ ಜೆಟ್ಟಿಗೂ ಒಗ್ಗಿಕೊಂಡವು. 'ಗ್ಯಾಸ್ ಸ್ಟೌ ರಿಪೇರಿ' ಎಂದು ಕೂಗುತ್ತಾ ಸೈಕಲ್ಲಿನಲ್ಲಿ ಬರುವವನನ್ನು ನಾಗಪುರದವರಂತೆ ಬೆಂಗಳೂರಿನವರೂ ಬಲ್ಲರು.

ಹಳೆಯ ಗ್ಯಾಸ್ ಒಲೆಯನ್ನೋ ಗ್ರಿಲ್ಲನ್ನೋ ಎಬ್ಬಿಸುವವನು ಮೊದಲು ಉರಿಯನ್ನು ಓದುತ್ತಾನೆ. ನೀಲಿಯಾಗಿ, ಮೊನಚಾಗಿ, ಟೊಪ್ಪಿಗೆ ಅಂಟಿಕೊಂಡು ಉರಿದರೆ ಆರೋಗ್ಯ. ಹಳದಿ ತುದಿಯಾಗಿ ಪಾತ್ರೆಯ ತಳ ಕಪ್ಪಾದರೆ ಗಾಳಿ ಸಾಲದು: ಗಾಳಿಯ ಕಿಂಡಿಯಲ್ಲಿ ಜಿಡ್ಡು ಕೂತಿರಬೇಕು, ಇಲ್ಲವೇ ಬೆರಕೆ ಕೊಳವೆಯೊಳಗೆ ಜೇಡ ಬಲೆ ಕಟ್ಟಿರಬೇಕು. ಬಹುದಿನ ಬಳಸದೆ ಮೂಲೆಯಲ್ಲಿದ್ದ ಒಲೆಗೆ ಜೇಡವೇ ಸಾಮಾನ್ಯ ರೋಗ. ಉರಿ ಟೊಪ್ಪಿಯಿಂದ ಮೇಲಕ್ಕೆ ಜಿಗಿದು ಆರಿದರೆ ಗಾಳಿ ಹೆಚ್ಚು. 'ಟಪ್' ಎಂದು ಒಳಗೆ ಹಾರಿ ಜೆಟ್ಟಿನ ಬಳಿಯೇ ಉರಿಯತೊಡಗಿದರೆ ಟೊಪ್ಪಿಯ ತೂತುಗಳು ಸವೆದು ಅಗಲವಾಗಿವೆ ಎಂದರ್ಥ, ಟೊಪ್ಪಿ ಬದಲಿಸಲೇಬೇಕು. ಗುಂಡಿ ತಿರುಗಿಸಲು ಬಿಗಿಯಾದರೆ ಒಳಗಿನ ಹಿತ್ತಾಳೆಯ ಕಾಕು, ಅಂದರೆ ಗ್ಯಾಸ್ ಬಿಡುವ ತಿರುಗಣೆ, ಒಣಗಿದೆ. ಅದನ್ನು ಬಿಚ್ಚಿ, ಹಳೆಯ ಗ್ರೀಸು ಒರೆಸಿ, ಅದಕ್ಕೆಂದೇ ಸಿಗುವ ಶಾಖ ತಾಳುವ ಗ್ರೀಸನ್ನು ತೆಳ್ಳಗೆ ಸವರಿ ಕೂರಿಸುತ್ತಾರೆ. ಜೆಟ್ಟಿಗೆ ಬೇಕಾದ್ದು ಶುದ್ಧಿ ಮಾತ್ರ. ಸೂಜಿ ತಿರುಪಿ ತೂತು ದೊಡ್ಡದು ಮಾಡಿದರೆ ಉರಿ ಜೋರಾದಂತೆ ಕಾಣುತ್ತದೆ, ಗ್ಯಾಸು ಪೋಲಾಗುತ್ತದೆ, ವಿಷಾನಿಲ ಹೆಚ್ಚುತ್ತದೆ. ಒಳ್ಳೆಯ ಮನೆಯೊಲೆಯ ಶಾಖದಕ್ಷತೆ ಶೇಕಡಾ 68ಕ್ಕೆ ಕಡಿಮೆ ಇರಬಾರದೆಂದು ಭಾರತೀಯ ಮಾನಕ ಐಎಸ್ 4246 ಹೇಳುತ್ತದೆ. ಸವೆದ ಟೊಪ್ಪಿ, ಅಗಲವಾದ ಜೆಟ್ಟು ಆ ಲೆಕ್ಕವನ್ನು ಮೊದಲು ಕೆಡಿಸುತ್ತವೆ.

ಗ್ರಿಲ್ಲಿನಲ್ಲಿ ಇವಲ್ಲದೆ ಇನ್ನೆರಡು ಭಾಗ ಹೆಚ್ಚು. ಅಮೆರಿಕದಲ್ಲಿ ರೂಪುಗೊಂಡ ಗ್ಯಾಸ್ ಗ್ರಿಲ್ಲು ಎಂದರೆ ಉದ್ದನೆಯ ಬರ್ನರುಗಳು, ಅವುಗಳ ಮೇಲೆ ಜಿಡ್ಡು ತೊಟ್ಟಿಕ್ಕದಂತೆ ತಡೆಯುವ ತಗಡುಗಳು ಅಥವಾ ಕಲ್ಲುಗಳು, ಎಲ್ಲಕ್ಕೂ ಮೇಲೆ ಬೀಡಿನ ಜಾಲರಿ. ಹೋಟೆಲುಗಳಿಂದ ಗುಜರಿಗೆ ಬಂದ ಇಂಥ ಗ್ರಿಲ್ಲಿನ ಜಾಲರಿ ತುಕ್ಕಾಗಿದ್ದರೂ ಹೆದರಬೇಕಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಿಸಿ, ದೋಸೆ ಕಾವಲಿ ಪಳಗಿಸಿದಂತೆಯೇ ಎಣ್ಣೆ ಸವರಿ ಹಲವು ಸಲ ಕಾಯಿಸಿದರೆ ಅದು ಇನ್ನೊಂದು ತಲೆಮಾರಿಗೆ ಸಾಕು. ಸುಟ್ಟು ಸೊಟ್ಟಗಾದ ತಡೆತಗಡಿನ ಬದಲಿಗೆ ಲೋಹಾ ಓಳಿಯಂಥ ಪೇಟೆಯಲ್ಲಿ ಅಳತೆ ಕೊಟ್ಟು ಕಬ್ಬಿಣದ ಅಥವಾ ಸ್ಟೀಲಿನ ಹಾಳೆ ಕತ್ತರಿಸಿ ಬಾಗಿಸಿಕೊಳ್ಳಬಹುದು. ಸತುವು ಲೇಪಿಸಿದ ಜಿಐ ತಗಡನ್ನು ಮಾತ್ರ ಬೆಂಕಿಯ ಮೇಲೆ ಹಾಕಬಾರದು. ಅತಿಯಾಗಿ ಕಾದರೆ ಅದರ ಹೊಗೆ ಜ್ವರ ಬರಿಸುತ್ತದೆ. ಹೊರದೇಶದ ಗ್ರಿಲ್ಲಾದರೆ ಅದು ಪ್ರೊಪೇನಿನದೋ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ್ದೋ ಎಂದು ನೋಡಬೇಕು. ಅಮೆರಿಕದ ಪ್ರೊಪೇನ್ ಗ್ರಿಲ್ಲಿನ ಒತ್ತಡ 11 ಅಂಗುಲ ನೀರಿನ ಕಂಬದಷ್ಟು, ಅಂದರೆ ಸುಮಾರು 28 ಸೆಂಟಿಮೀಟರ್. ನಮ್ಮ ಮನೆಯ ರೆಗ್ಯುಲೇಟರ್ ಕೊಡುವುದು 30 ಸೆಂಟಿಮೀಟರ್. ಎರಡೂ ಹತ್ತಿರ. ನೈಸರ್ಗಿಕ ಅನಿಲದ ಜೆಟ್ಟಿನ ತೂತು ದೊಡ್ಡದು. ಅದಕ್ಕೆ ಸಿಲಿಂಡರಿನ ಗ್ಯಾಸ್ ಕೊಟ್ಟರೆ ಉರಿ ಹತೋಟಿ ಮೀರುತ್ತದೆ.

ರಿಪೇರಿ ಎಲ್ಲಿ ನಿಲ್ಲಬೇಕು ಎಂಬುದನ್ನು ದೇಶಕ್ಕೆಲ್ಲ ಗೊತ್ತುಮಾಡುವ ಕಚೇರಿ ನಾಗಪುರದಲ್ಲೇ ಇದೆ ಎಂಬುದು ಅನೇಕರಿಗೆ ತಿಳಿಯದು. 1898ರಷ್ಟು ಹಿಂದೆ ಹುಟ್ಟಿದ ಸ್ಫೋಟಕಗಳ ಇಲಾಖೆ ಇಂದು ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಪೆಸೋ. ಅದರ ಮುಖ್ಯ ನಿಯಂತ್ರಕರ ಕೇಂದ್ರ ಕಚೇರಿ ಇರುವುದು ಈ ನಗರದಲ್ಲಿ. ಸಿಲಿಂಡರುಗಳ ತಯಾರಿಕೆ, ತುಂಬಿಸುವಿಕೆ, ಪರೀಕ್ಷೆ ಎಲ್ಲಕ್ಕೂ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. 2016ರಲ್ಲಿ ಅವುಗಳನ್ನು ಪರಿಷ್ಕರಿಸಲಾಯಿತು. ಮನೆಯ 14.2 ಕೆ.ಜಿ. ಸಿಲಿಂಡರಿನ ಕುತ್ತಿಗೆಯ ಸುತ್ತಲಿನ ಕಂಬಿಗಳ ಒಳಮೈಯಲ್ಲಿ ಬರೆದಿರುವ ಅಕ್ಷರ ಮತ್ತು ಅಂಕೆ ಮುಂದಿನ ಪರೀಕ್ಷೆಯ ಗಡುವು. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್ ಕೊನೆ, ಪಕ್ಕದ್ದು ವರ್ಷ. ಒಲೆಯಲ್ಲಿ ರಿಪೇರಿಯವನಿಗೆ ಸ್ವಾತಂತ್ರ್ಯವಿದೆ. ಸಿಲಿಂಡರಿನ ವಾಲ್ವು, ರೆಗ್ಯುಲೇಟರುಗಳಲ್ಲಿ ಇಲ್ಲ. ಅವು ಕೆಟ್ಟರೆ ವಿತರಕರ ಬಳಿಯೇ ಬದಲಿಸಬೇಕು. ರಬ್ಬರ್ ಕೊಳವೆಗೆ ತೇಪೆ ಇಲ್ಲ. ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಗೂ 5 ವರ್ಷವೇ ಆಯಸ್ಸು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಹರಡುತ್ತದೆ. ಅದಕ್ಕೆ ತನ್ನದೇ ವಾಸನೆಯಿಲ್ಲ, ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್. ಸೋರಿಕೆ ನೋಡಲು ಸಾಬೂನಿನ ನೊರೆಯೊಂದೇ ಸಾಧನ, ಬೆಂಕಿಕಡ್ಡಿ ಎಂದಿಗೂ ಅಲ್ಲ.

2016ರ ಮೇ 1ರಂದು ಬಲ್ಲಿಯಾದಲ್ಲಿ ಶುರುವಾದ ಉಜ್ವಲಾ ಯೋಜನೆ ಸಿಲಿಂಡರನ್ನು ಬಡವರ ಮನೆಗೂ ಮುಟ್ಟಿಸಿತು. ಮರುಪೂರಣದ ದುಡ್ಡು ಹೊಂದದ ಮನೆಗಳಲ್ಲಿ ಸೌದೆ ಇನ್ನೂ ಉರಿಯುತ್ತಿದೆ. ನಾಗಪುರದಲ್ಲೇ 1958ರಲ್ಲಿ ಸ್ಥಾಪನೆಯಾಗಿ 1974ರಲ್ಲಿ ನೀರಿ ಎಂಬ ಹೆಸರು ಪಡೆದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಸೌದೆ, ಬೆರಣಿ, ಕಲ್ಲಿದ್ದಲು ಮೂರನ್ನೂ ಕಡಿಮೆ ಹೊಗೆಯಲ್ಲಿ ಉರಿಸುವ 'ನೀರ್‌ಧೂರ್' ಎಂಬ ಒಲೆಯನ್ನು ರೂಪಿಸಿದ್ದು ಇಂಥ ಮನೆಗಳಿಗಾಗಿ. ಗ್ಯಾಸ್ ಇದ್ದ ಮನೆಗಳಲ್ಲಿ ಬೇರೆ ಬದಲಾವಣೆ ಬಂದಿದೆ. ಗಾಜಿನ ಮೇಲ್ಮೈಯ ಹೊಸ ಒಲೆಗಳು ನೋಡಲು ಚೆನ್ನ. ಆದರೆ ಗಾಜು ಸೀಳಿದರೆ ಬೆಸೆಯಲಾಗದು, ಒಂದು ಮಾದರಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದದು. ಹಳೆಯ ಬೀಡಿನ ಒಲೆಯಲ್ಲಿ ಬಾಯಿಯನ್ನು ಬದಲಿಸಿ ಒಡಲನ್ನು ಉಳಿಸುತ್ತಿದ್ದರು. ಹೊಸ ಒಲೆಯಲ್ಲಿ ಬಾಯಿ ಗಟ್ಟಿಯಿರುವಾಗಲೇ ಒಡಲು ಒಡೆಯುತ್ತದೆ. ರಿಪೇರಿಯವರ ಕಸುಬನ್ನು ಉರುವಲಿನ ಬದಲಾವಣೆಗಿಂತ ಹೆಚ್ಚಾಗಿ ಸೊರಗಿಸುತ್ತಿರುವುದು ಇದೇ.

ಹಾಗಾಗಿ ಅಟ್ಟದ ಮೇಲೋ ಹಿತ್ತಲಿನಲ್ಲೋ ಬೀಡು ಬರ್ನರಿನ ಹಳೆಯ ಒಲೆ ಅಥವಾ ಗ್ರಿಲ್ಲು ಇದ್ದವರು ಅದನ್ನು ಗುಜರಿಯ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬೀದಿಯ ರಿಪೇರಿಯವರ ಮುಂದಿಡಬೇಕು. ಟೊಪ್ಪಿ, ಜೆಟ್ಟು, ಕಾಕಿನ ಗ್ರೀಸಿಗೆ ಆಗುವ ಖರ್ಚು ಹೊಸ ಒಲೆಯ ಬೆಲೆಯ ಒಂದು ಸಣ್ಣ ಪಾಲು. ಕೊಳವೆಯನ್ನು ಮಾತ್ರ ಹೊಸದಾಗಿಯೇ ಕೊಳ್ಳಬೇಕು, ಐಎಸ್ಐ ಗುರುತು ನೋಡಿಯೇ ಕೊಳ್ಳಬೇಕು.